ಖರ್ಚಿಲ್ಲದ ಖಾತೆ

ಫೆಬ್ರವರಿ 6, ಮಂಗಳವಾರ

ಹೊರದೇಶದ ಹಣ ಬಂತು. ಬಂತು ಎನ್ನುವುದಕ್ಕಿಂತ ಅಳಿದುಳಿದದ್ದು ಬಂತು ಎನ್ನಬೇಕು. ಅಲ್ಲಿಂದ ಹೊರಟದ್ದು ನೂರಾದರೆ ನಮ್ಮ ಕೈಗೆ ಸಿಕ್ಕಿದ್ದು ಎಪ್ಪತ್ತೊಂಬತ್ತು. ಕಳಿಸಿದ ಬ್ಯಾಂಕು ಒಂದಿಷ್ಟು ಕಚ್ಚಿತು, ನಡುವೆ ಹೆಸರೇ ಕೇಳದ ಇನ್ನೊಂದು ಬ್ಯಾಂಕು ಒಂದಿಷ್ಟು ಕಚ್ಚಿತು. ಆಮೇಲೆ ನಮ್ಮ ಬ್ಯಾಂಕು, ‘ಹಣ ಬಂದಿದೆ’ ಎಂದು ತಿಳಿಸಿದ್ದಕ್ಕೆ ಒಂದಿಷ್ಟು, ಅದನ್ನು ನಮ್ಮ ನಾಣ್ಯಕ್ಕೆ ಬದಲಾಯಿಸಿದ್ದಕ್ಕೆ ಇನ್ನಷ್ಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗಳೇ ಮೂರು ಜನ.

ಅಕ್ಕ ಕಿಟಕಿಯ ಹತ್ತಿರ ಕೂತು ಕೂದಲು ಬಾಚುತ್ತಿದ್ದಳು, ಕುಂಚದ ಕೂದಲು. ಬ್ಯಾಂಕಿನ ಚೀಟಿ ಮುಂದೆ ಹಿಡಿದರೂ ತಲೆ ಎತ್ತಲಿಲ್ಲ.

“ಈ ಸಲ ಎಷ್ಟು ನುಂಗಿದ್ರು?”

“ನೂರಕ್ಕೆ ಇಪ್ಪತ್ತೊಂದು.”

“ಅಂದ್ರೆ ಐದು ಕುಂಚ ಕಟ್ಟಿದ್ರೆ ಒಂದು ಅವರಿಗೆ. ಒಂದು ಕೂದಲೂ ಮುಟ್ಟದೋರಿಗೆ!”

ಲೆಕ್ಕ ಸರಿಯಾಗಿದೆ. ಅಕ್ಕ ದಿನಕ್ಕೊಂದು ಕುಂಚ ಮಾಡುತ್ತಾಳೆ, ಹಳೆಯ ಚಿತ್ರಗಳನ್ನು ರಿಪೇರಿ ಮಾಡುವವರಿಗೆ ಬೇಕಾದಂಥದ್ದು. ಅದರಲ್ಲಿ ಒಂದು ರೆಪ್ಪೆಯ ಕೂದಲನ್ನೂ ಬರೆಯಬಹುದು. ತಿಂಗಳಿಗೆ ಇಪ್ಪತ್ತಾಗುತ್ತದೆ. ಇಪ್ಪತ್ತನ್ನೂ ಕೊಳ್ಳುವವಳು ಕಡಲಾಚೆಯ ಒಬ್ಬಳೇ ಗಿರಾಕಿ. ಅವಳನ್ನು ನಾವು ಚಿತ್ರ ರಿಪೇರಿಯಮ್ಮ ಎನ್ನುತ್ತೇವೆ. ಇಲ್ಲಿನವರಿಗೆ ನೈಲಾನ್ ಕುಂಚ ಡಜನ್ ಲೆಕ್ಕದಲ್ಲಿ ಸಿಗುವಾಗ ನಮ್ಮದು ಯಾರಿಗೆ ಬೇಕು? ಕೂದಲು ಕಟ್ಟುವುದು ಅಕ್ಕ, ಹಿಡಿಕೆ ಕಡೆದು ಕೊಡುವುದು ಪಕ್ಕದ ಬೀದಿಯ ಹಿಡಿಕೆಯಣ್ಣ, ಪಾರ್ಸೆಲ್ಲು ಪತ್ರ ಬ್ಯಾಂಕು ಎಲ್ಲ ನಾನು.

ಸಂಜೆ ಬಾಗಿಲು ಎಳೆಯುವಾಗ ಅಕ್ಕ ಹೇಳಿದಳು: “ಜೂನ್‌ಗೆ ಮಳಿಗೆ ಕರಾರು ಮುಗಿಯುತ್ತೆ. ದುಡ್ಡು ಪೂರ್ತಿ ಬರೋ ದಾರಿ ಅಷ್ಟರೊಳಗೆ ಹುಡುಕು. ಇಲ್ಲಾಂದ್ರೆ ಬೀಗ ಹಾಕಿಬಿಡೋಣ ಕಣೋ. ನಷ್ಟಕ್ಕೆ ದುಡಿಯೋ ವಯಸ್ಸಲ್ಲ ನಂದು.”

ಅವಳಿಗೆ ಅರವತ್ತಮೂರು. ಹತ್ತೊಂಬತ್ತಕ್ಕೆ ಅಪ್ಪನ ಪಕ್ಕ ಆ ಕಿಟಕಿಗೆ ಕೂತವಳು. ಆ ಕಿಟಕಿಯನ್ನು ಬಿಟ್ಟು ಅಕ್ಕನನ್ನು ಊಹಿಸಿಕೊಳ್ಳಲು ನನಗೆ ಆಗುವುದಿಲ್ಲ. ಹೆದರಿಕೆಯಾಗುತ್ತದೆ. ಹುಡುಕಿಯೇ ತೀರುತ್ತೇನೆ.

ಫೆಬ್ರವರಿ 9

ಮೊದಲು ನಮ್ಮದೇ ಬ್ಯಾಂಕು, ಕಮಾನು ಬ್ಯಾಂಕು. ಹೊರದೇಶದ ಹಣ ನೋಡುವವನು ಮೂರನೇ ಮಹಡಿಯಲ್ಲಿ, ಹನ್ನೊಂದರಿಂದ ಒಂದರವರೆಗೆ ಮಾತ್ರ. ಲಿಫ್ಟು ಎರಡನೇ ಮಹಡಿಯವರೆಗೆ ಮಾತ್ರ.

“ಅದು ನಡುವಿನ ಬ್ಯಾಂಕು ಹಿಡ್ಕೊಂಡಿದ್ದು ಸಾರ್. ನಮ್ಮ ಕೈಯಲ್ಲಿಲ್ಲ.”

“ಸರಿ. ನೀವು ಹಿಡ್ಕೊಂಡಿದ್ದು?”

“ಅದು ಹೆಡ್ ಆಫೀಸಿನ ರೂಲು. ಅದೂ ನಮ್ಮ ಕೈಯಲ್ಲಿಲ್ಲ.”

“ಮತ್ತೆ ನಿಮ್ಮ ಕೈಯಲ್ಲಿ ಏನಿದೆ?”

ಅವನು ತನ್ನ ಕೈ ನೋಡಿಕೊಂಡ. ಕೈಯಲ್ಲಿ ಸ್ಟೇಪ್ಲರ್ ಇತ್ತು.

ಪೇಪರಿನಲ್ಲಿ ಬರುವ ವಿನಿಮಯ ದರವೇ ಬೇರೆ, ಅವರ ಬೋರ್ಡಿನ ಮೇಲಿನದೇ ಬೇರೆ. ಯಾಕೆ ಎಂದರೆ, “ಪೇಪರಿನೋರು ದುಡ್ಡು ಬದಲಾಯಿಸಿ ಕೊಡ್ತಾರಾ ಸಾರ್?” ಎಂದ. ಮೆಟ್ಟಿಲು ಇಳಿಯುವಾಗ ನಾಲ್ಕು ಉತ್ತರ ಹೊಳೆದವು.

ಫೆಬ್ರವರಿ 21

ಫೋನಿನಲ್ಲೇ ಹಣ ತರಿಸುವ ಒಂದು ಕಂಪನಿ ಇದೆ, ಖರ್ಚು ನೂರಕ್ಕೆ ಒಂದೂ ಇಲ್ಲ ಎಂದು ಕೂದಲಿನ ವ್ಯಾಪಾರಿ ಹೇಳಿದ್ದ. ಒಂಬತ್ತು ದಿನ ಫಾರಂ ತುಂಬಿದೆ. ಮುಖದ ಫೋಟೊ, ಬಾಗಿಲಿನ ಫೋಟೊ, ಕರೆಂಟ್ ಬಿಲ್ಲು, ಕುಂಚದ ಫೋಟೊ. ಇವತ್ತು ಉತ್ತರ ಬಂತು. ಪ್ರಾಣಿಯ ಕೂದಲು ಅವರ ನಿಷೇಧದ ಪಟ್ಟಿಯಲ್ಲಿದೆಯಂತೆ. ಪಟ್ಟಿಯನ್ನೂ ಕಳಿಸಿದ್ದಾರೆ. ನಮ್ಮ ಮೇಲಿನ ಸಾಲಿನಲ್ಲಿ ಆನೆದಂತ, ಕೆಳಗಿನ ಸಾಲಿನಲ್ಲಿ ಮದ್ದುಗುಂಡು.

ಅಕ್ಕನಿಗೆ ಓದಿ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಲವತ್ತು ವರ್ಷ ಆಯ್ತಲ್ಲೋ ನಾನು ಕಳ್ಳಸಾಗಣೆ ಶುರು ಮಾಡಿ. ಒಬ್ಬ ಪೊಲೀಸನೂ ಬರಲಿಲ್ಲ.” ನನಗೆ ನಗು ಬರಲಿಲ್ಲ.

ಫೆಬ್ರವರಿ 29

ಈ ವಾರ ಮೂರು ಬ್ಯಾಂಕು. ಒಂದರಲ್ಲಿ ಹೊರದೇಶದ ಹಣವನ್ನೇ ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಮುಟ್ಟುತ್ತಾರೆ, ಖಾತೆಯಲ್ಲಿ ನಮ್ಮ ಎರಡು ವರ್ಷದ ದುಡಿಮೆಯಷ್ಟು ಸದಾ ಇಟ್ಟಿರಬೇಕು. ಮೂರನೆಯದರಲ್ಲಿ ಟೋಕನ್ ಕೊಟ್ಟರು, ಕರೆಯಲಿಲ್ಲ. ಮೂಗಿಗಿಂತ ಮೂಗುತಿ ಭಾರ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು.

ಮಾರ್ಚ್ 12

ಸಿಕ್ಕಿತು!

ಗಾಜಿನ ಬ್ಯಾಂಕು. ಹೊರಗಿನಿಂದ ನೋಡಿದರೆ ನಮ್ಮಂಥವರಿಗೆ ಅಲ್ಲ ಎನ್ನಿಸುವ ಕಟ್ಟಡ. ಅಲ್ಲಿ ಕೂತಿದ್ದ ಕನ್ನಡಕದ ಆಫೀಸರಮ್ಮ ಮೊದಲು ಒಂದು ಲೋಟ ನೀರು ಕೊಟ್ಟಳು. ಐದು ವಾರದಲ್ಲಿ ಒಂದು ಬ್ಯಾಂಕಿನಲ್ಲಿ ಸಿಕ್ಕ ಮೊದಲ ವಸ್ತು. ಸಣ್ಣ ವ್ಯಾಪಾರದವರಿಗೆಂದೇ ಒಂದು ಖಾತೆ ಇದೆ. ಬಂದ ಹಣ ಆ ದೇಶದ ನಾಣ್ಯದಲ್ಲೇ ಉಳಿಯುತ್ತದೆ, ಬೇಕಾದಾಗ ಬದಲಾಯಿಸಿಕೊಳ್ಳಬಹುದು. ಅವರದೇ ಶಾಖೆ ಆ ದೇಶದಲ್ಲೂ ಇರುವುದರಿಂದ ನಡುವಿನ ಬ್ಯಾಂಕು ಇಲ್ಲ. ಖರ್ಚು ಸೊನ್ನೆ.

“ಒಂದೇ ಷರತ್ತು ಸಾರ್. ಮೂರು ತಿಂಗಳಿಗೆ ಕನಿಷ್ಠ ಇಷ್ಟು ಬರಬೇಕು,” ಎಂದು ಒಂದು ಮೊತ್ತ ಬರೆದು ತೋರಿಸಿದಳು. ನೂರೈವತ್ತು ಕುಂಚದ ಬೆಲೆ.

“ಕಡಿಮೆ ಆದ್ರೆ?”

“ದಂಡ ಬೀಳುತ್ತೆ.”

“ಸ್ವಲ್ಪ ಕಡಿಮೆ ಆದ್ರೆ?”

“ದಂಡಕ್ಕೆ ಸ್ವಲ್ಪ ಅಂತ ಇರಲ್ಲ ಸಾರ್.”

ನಮ್ಮದು ಮೂರು ತಿಂಗಳಿಗೆ ಅರವತ್ತು.

ಮಾರ್ಚ್ 13

ಅಕ್ಕನಿಗೆ ಹೇಳಿದೆ.

“ನೂರೈವತ್ತು ಯಾರು ಕಟ್ತಾರೆ? ಆ ಆಫೀಸರಮ್ಮ ಬಂದು ಕೂತ್ಕೋತಾಳಾ?”

“ಸ್ವಲ್ಪ ಬೇಗ ಬೇಗ ಕಟ್ಟಿದ್ರೆ...”

“ಬೇಗ ಕಟ್ಟೋಕೆ ಇದೇನು ಪೊರಕೆನಾ?”

ಅಪ್ಪನ ಮಾತು ಅದು. ಕೂದಲಿನ ಬುಡ ಕತ್ತರಿಸಬಹುದು, ತುದಿ ಮಾತ್ರ ಮುಟ್ಟಬಾರದು. ತುದಿ ಹುಟ್ಟಿನಿಂದಲೇ ಸಣ್ಣಗಾಗಿ ಬಂದಿರುತ್ತದೆ, ಕುಂಚ ಬರೆಯುವುದು ಅದರಿಂದ. ತುದಿ ಮುರಿದ ಕೂದಲನ್ನು ಒಂದೊಂದಾಗಿ ಆರಿಸಿ ತೆಗೆದು, ಉಳಿದದ್ದನ್ನು ಪುಟ್ಟ ಬಟ್ಟಲಲ್ಲಿ ತುದಿ ಕೆಳಗೆ ಮಾಡಿ ಕುಟ್ಟಿ ಕುಟ್ಟಿ ಸಮ ಮಾಡಿ, ದಾರ ಸುತ್ತಿ, ಲೋಹದ ಕೊಳವೆಗೆ ಎಳೆಯಬೇಕು. ಆರಿಸುವುದಕ್ಕೇ ಅರ್ಧ ದಿನ. ಕತ್ತರಿಯಲ್ಲಿ ತುದಿಗೆ ಆಕಾರ ಕೊಟ್ಟರೆ ಅದು ಕುಂಚವಲ್ಲ, ಪೊರಕೆ.

“ಅಪ್ಪ ನಿಂಗೂ ಕಲಿಸಿದ್ರಲ್ಲ. ಕೂತ್ಕೋ,” ಎಂದಳು.

ಮಾರ್ಚ್ 16

ಮೂರು ದಿನ ಕೂತು ಒಂದು ಕುಂಚ ಮಾಡಿದೆ. ಅಕ್ಕ ಅದನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ. ಗೋಂದು ಹಚ್ಚೋಕೆ ಇಟ್ಕೋ.”

ಮಾರ್ಚ್ 19

ಖಾತೆ ತೆರೆದೆ. ಏಪ್ರಿಲ್ ಒಂದರಿಂದ ಲೆಕ್ಕ ಶುರು. ಷರತ್ತು ಬಿಟ್ಟುಬಿಟ್ಟರು, ಅರವತ್ತಾದರೆ ಸಾಕು, ಒಟ್ಟಿಗೇ ಕಳಿಸಬೇಕು ಅಷ್ಟೆ ಎಂದು ಅಕ್ಕನಿಗೆ ಹೇಳಿದೆ. ಅವಳು, “ನೋಡಿದ್ಯಾ, ಕೇಳಿದ್ರೆ ಎಲ್ಲ ಆಗುತ್ತೆ,” ಎಂದಳು. ಸುಳ್ಳು ಹೇಳಿದ್ದು ಅವಳ ಕಿಟಕಿ ಉಳಿಯಲಿ ಎಂದು. ದಾರಿ ಹೇಗೋ ಸಿಗುತ್ತದೆ.

ಮಾರ್ಚ್ 27

ನೂರೈವತ್ತು ತೆಗೆದುಕೊಳ್ಳುತ್ತೀರಾ ಎಂದು ಚಿತ್ರ ರಿಪೇರಿಯಮ್ಮನನ್ನು ಕೇಳಿದ್ದೆ. ಒಪ್ಪಿದಳು. ಅವಳ ಕೈಕೆಳಗೆ ಕಲಿಯುವವರಿಗೂ ಕೊಡಿಸುತ್ತಾಳಂತೆ. ಪೆಟ್ಟಿಗೆ ತಲುಪಿದ ದಿನವೇ ಪೂರ್ತಿ ಹಣ. ಕೊನೆಗೆ ಯಾವಾಗಲೂ ಬರೆಯುವ ಸಾಲು: ಹಿರಿಯಕ್ಕನ ಕೈಗೆ ನಮಸ್ಕಾರ. ಅಕ್ಕನಿಗೆ ಆ ಸಾಲನ್ನು ಮಾತ್ರ ಓದಿದೆ.

ಏಪ್ರಿಲ್ 8

ಹಿಡಿಕೆಯಣ್ಣನಿಗೆ ನೂರೈವತ್ತು ಹಿಡಿಕೆಗೆ ಬ್ಯಾಂಕಿನ ಮೂಲಕ ಮುಂಗಡ ಕಳಿಸಿದ್ದೆ. ಮಧ್ಯಾಹ್ನ ಮೈಮೇಲೆಲ್ಲ ಮರದ ಪುಡಿ ಇಟ್ಟುಕೊಂಡೇ ಓಡಿ ಬಂದ.

“ಏನ್ ಸಾರ್, ನೂರಕ್ಕೆ ಮೂರು ಕಡಿಮೆ ಬಂದಿದೆ?”

“ಕಳಿಸೋ ಖರ್ಚು ಇರುತ್ತಲ್ಲಪ್ಪ. ಅದು ನನ್ನ ಕೈಯಲ್ಲಿಲ್ಲ.”

“ಪಕ್ಕದ ಬೀದಿಗೆ ಕಳಿಸೋಕೂ ಖರ್ಚಾ? ಕೂಗಿದ್ರೆ ನಾನೇ ಬಂದು ಇಸ್ಕೊಂಡು ಹೋಗ್ತಿದ್ನಲ್ಲ!”

ಈ ಜನಕ್ಕೆ ವ್ಯವಹಾರದ ರೀತಿ ತಿಳಿಯುವುದಿಲ್ಲ. ವಿವರಿಸಿ ಸಾಕಾಯಿತು. ಅಷ್ಟು ಹಿಡಿಕೆ ಯಾಕೆ ಎಂದು ಅಕ್ಕನ ಮುಂದೆ ಬಾಯಿ ಬಿಡಬೇಡ ಎಂದು ಹೇಳಿ ಕಳಿಸಿದೆ.

ಏಪ್ರಿಲ್ 17

ಖಾತೆ ತೆರೆದಂದಿನಿಂದ ಅಕ್ಕ ಇಪ್ಪತ್ತು ದಾಟಿಲ್ಲ. ನನ್ನವು ಎರಡು. ಈ ಲೆಕ್ಕದಲ್ಲಿ ಜೂನ್‌ಗೆ ಎಪ್ಪತ್ತೂ ಆಗುವುದಿಲ್ಲ. ದಂಡ ಕಟ್ಟಿದರೆ ಕಮಾನು ಬ್ಯಾಂಕೇ ಪುಣ್ಯವಂತ ಎನ್ನುವ ಹಾಗಾಗುತ್ತದೆ.

ಅಟ್ಟದ ಮೇಲೆ ಅಕ್ಕ ಆರಿಸಿ ಎಸೆದ ಕೂದಲಿನ ಚೀಲ ಇದೆ, ಎರಡು ವರ್ಷದ್ದು. ತುದಿ ಮುರಿದವು ಅಷ್ಟೆ, ಜಾತಿ ಅದೇ. ಅಕ್ಕ ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋಗುತ್ತಾಳೆ, ಮೂರಕ್ಕೆ ಬರುತ್ತಾಳೆ. ಇವತ್ತು ಆ ಹೊತ್ತಿನಲ್ಲಿ ಒಂದು ಕಟ್ಟಿ, ಕೊಳವೆಗೆ ಹಾಕಿ, ಪಾರ್ಸೆಲ್ ಕಾಗದದ ಕತ್ತರಿಯಿಂದ ತುದಿಯನ್ನು ಸುತ್ತ ಕತ್ತರಿಸಿ ಚೂಪು ಮಾಡಿದೆ. ಅಕ್ಕನದರ ಪಕ್ಕ ಇಟ್ಟು ನೋಡಿದೆ. ಬರಿಗಣ್ಣಿಗೆ ಎರಡೂ ಒಂದೇ.

ಅಪ್ಪ ಬದುಕಿದ್ದರೆ ಎಂದು ಯೋಚಿಸಿದೆ. ಅಪ್ಪನ ಕಾಲದಲ್ಲಿ ಷರತ್ತಿನ ಖಾತೆ ಇರಲಿಲ್ಲ.

ಏಪ್ರಿಲ್ 18

ಎರಡು.

ಏಪ್ರಿಲ್ 22

ನಾಲ್ಕು.

ಮೇ 3

ಐದು. ಕೈ ಕುದುರಿದೆ. ಅಕ್ಕನಿಗೆ ಇಡೀ ದಿನ ಬೇಕಾದದ್ದು ನನಗೆ ಅರ್ಧ ಗಂಟೆಯೂ ಬೇಡ. ಅವಳು ಅಷ್ಟು ಹೊತ್ತು ಯಾಕೆ ತೆಗೆದುಕೊಳ್ಳುತ್ತಾಳೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಜೂನ್ 7

ನೂರೈವತ್ತೂ ಹೋಯಿತು. ಅವಳ ಅರವತ್ತು, ನನ್ನ ತೊಂಬತ್ತು. ತನ್ನ ಅರವತ್ತನ್ನು ಅಕ್ಕ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಕೊಟ್ಟಳು. ಪೆಟ್ಟಿಗೆ ದೊಡ್ಡದಾಯಿತಲ್ಲ ಎಂದಳು. ಒಡೆಯದಿರಲಿ ಎಂದು ಹತ್ತಿ ತುಂಬಿದ್ದೇನೆ ಎಂದೆ.

ಜೂನ್ 21, ಶುಕ್ರವಾರ

ನೂರಕ್ಕೆ ನೂರು! ಒಂದು ಬಿಡಿಗಾಸೂ ಕಡಿತವಿಲ್ಲ. ಚೀಟಿಯನ್ನು ಎರಡು ಸಲ ಓದಿದೆ, ಆಫೀಸರಮ್ಮನ ಕೈಯಲ್ಲಿ ಒಂದು ಸಲ ಓದಿಸಿದೆ. ಬೀದಿಯಲ್ಲಿ ಬರುವಾಗ ಯಾರನ್ನಾದರೂ ನಿಲ್ಲಿಸಿ ಹೇಳೋಣ ಎನ್ನಿಸಿತು. ಇಷ್ಟು ಸಂತೋಷ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

“ಪೂರ್ತಿ ಬಂತಾ?” ಎಂದಳು ಅಕ್ಕ.

“ಪೂರ್ತಿ.”

ಅವಳು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, ನನ್ನ ತಲೆ ಸವರಿದಳು. ನನಗೆ ಐವತ್ತನಾಲ್ಕು. “ಸದ್ಯ. ನಾನು ಬೀಗ ಹಾಕೋದೇ ಅಂತ ತೀರ್ಮಾನ ಮಾಡಿದ್ದೆ ಕಣೋ,” ಎಂದಳು.

ಜೂನ್ 24

ಮಳಿಗೆಯ ಕರಾರಿಗೆ ಸಹಿ ಹಾಕಿದೆ. ಒಂದು ವರ್ಷಕ್ಕೆ ಸಾಕು ಎಂದಳು ಅಕ್ಕ. ಮೂರು ವರ್ಷಕ್ಕಾದರೆ ಬಾಡಿಗೆಯಲ್ಲಿ ರಿಯಾಯಿತಿ ಇತ್ತು, ಮೂರಕ್ಕೇ ಹಾಕಿದೆ. ಬಂದ ಹಣದ ಮುಕ್ಕಾಲು ಭಾಗ ಮುಂಗಡಕ್ಕೇ ಹೋಯಿತು.

ಜುಲೈ 16, ಮಂಗಳವಾರ

ಬ್ಯಾಂಕಿನಿಂದ ಬರುವಷ್ಟರಲ್ಲಿ ಮೇಜಿನ ಮೇಲೆ ಒಂದು ಪೆಟ್ಟಿಗೆ ತೆರೆದಿತ್ತು. ಕಡಲಾಚೆಯದು. ಅಕ್ಕ ಅದರೊಳಗಿನ ಕುಂಚಗಳನ್ನು ತೆಗೆದು ಹತ್ತು ಹತ್ತರಂತೆ ಸಾಲಾಗಿ ಜೋಡಿಸಿದ್ದಳು. ಒಂಬತ್ತು ಸಾಲು. ಪಕ್ಕದಲ್ಲಿ ಕಾಗದ. ಅವಳಿಗೆ ಆ ಭಾಷೆ ಬರುವುದಿಲ್ಲ.

“ಓದು.”

ಓದಿದೆ. ಚಿತ್ರ ರಿಪೇರಿಯಮ್ಮ ಬರೆದಿದ್ದಳು: “ಅರವತ್ತು ಎಂದಿನಂತೆಯೇ ಇವೆ. ತೊಂಬತ್ತು ಹಾಗಿಲ್ಲ. ಒಂದು ಮುಖದ ಕಣ್ಣಂಚು ತಿದ್ದುವಾಗ ತುದಿ ಎರಡಾಗಿ ಸೀಳಿ ಬಣ್ಣ ಕೆನ್ನೆಗೆ ಹರಡಿತು. ಅದನ್ನು ತೆಗೆಯಲು ಒಂದು ವಾರ ಹಿಡಿಯಿತು. ಹಿರಿಯಕ್ಕನ ಕೈ ಕೆಲವು ದಿನ ಮಾತು ಕೇಳುತ್ತದೆ, ಕೆಲವು ದಿನ ಕೇಳುವುದಿಲ್ಲ ಎಂದು ತೋರುತ್ತದೆ. ನನ್ನ ತಾಯಿಗೂ ಹೀಗೆಯೇ ಶುರುವಾಗಿತ್ತು. ಹಣ ವಾಪಸ್ಸು ಬೇಡ, ಅವರ ಔಷಧಿಗೆ ಇರಲಿ. ಇನ್ನು ಕುಂಚ ತರಿಸುವುದಿಲ್ಲ, ತರಿಸಿದರೆ ಅವರನ್ನು ದಣಿಸಿದ ಹಾಗಾಗುತ್ತದೆ. ಅವರ ಕೈ ಹೇಗಿದೆ ಎಂದು ದಯವಿಟ್ಟು ಒಂದು ಸಾಲು ಬರೆಯಿರಿ.”

ಅಕ್ಕ ಒಂದು ಕುಂಚ ಎತ್ತಿ ತುಟಿಯಲ್ಲಿ ಒದ್ದೆ ಮಾಡಿ ಬೆಳಕಿಗೆ ಹಿಡಿದಳು. ಇಟ್ಟಳು. ಇನ್ನೊಂದನ್ನು ನೋಡಲಿಲ್ಲ.

“ನಾನು ಕಟ್ಟಿದ್ದು ಅರವತ್ತು.”

ನಾನು ಕಾಗದ ಮಡಚಿದೆ.

“ಕತ್ತರಿ ಯಾವುದು?”

“ಪಾರ್ಸೆಲ್ ಕಾಗದದ್ದು.”

“ಅದು ಮೊಂಡು ಕತ್ತರಿ ಅಲ್ವೇನೋ,” ಎಂದಳು. ಬೈದಿದ್ದರೆ ವಾಸಿ ಇತ್ತು.

ನಾನು ಎಲ್ಲ ವಿವರಿಸಿದೆ. ನೂರೈವತ್ತರ ಷರತ್ತು, ದಂಡ, ಮೂರು ತಿಂಗಳ ಗಡುವು, ಕಿಟಕಿ. ಬೇರೆ ದಾರಿ ಇರಲಿಲ್ಲ, ಅದು ನನ್ನ ಕೈಯಲ್ಲಿ ಇರಲಿಲ್ಲ ಎಂದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ಜುಲೈ 17

ಬೆಳಿಗ್ಗೆ ಎಂದಿನಂತೆ ಹತ್ತಕ್ಕೆ ಬಂದಳು. ಕೂದಲು ಹೊರಗೆ ತೆಗೆಯಲಿಲ್ಲ.

“ಆಯಮ್ಮನಿಗೆ ಏನಂತ ಬರೀತೀಯ?”

“ಗೊತ್ತಿಲ್ಲ.”

“ನಿಜ ಬರೆದ್ರೆ?”

“ಮೋಸಗಾರ ಅಂತಾಳೆ. ಅವಳಿಗೆ ಗೊತ್ತಿರೋರು ನಾಲ್ಕು ಜನಕ್ಕೂ ಹೇಳ್ತಾಳೆ. ಇನ್ನೊಬ್ಬ ಗಿರಾಕಿ ನಮ್ಮ ಹೆಸರೆತ್ತಲ್ಲ.”

“ಹೇಗಿದ್ರೂ ಗಿರಾಕಿ ಹೋಯ್ತಲ್ಲೋ. ಕಾಗದ ಪತ್ರದಲ್ಲೆಲ್ಲ ಹೆಸರು ನಿಂದೇ ಇರೋದು. ಈ ವಯಸ್ಸಲ್ಲಿ ಆ ಮಾತು ಕೇಳಿಸಿಕೊಂಡು ನೀನು ತಡ್ಕೊಳಲ್ಲ. ನನ್ನ ಕೈ ಹೋಗಿದೆ ಅಂತ ಬರಿ.”

“ಅಕ್ಕಾ...”

“ಕೈ ಹೋಗೋದು ತಪ್ಪಲ್ಲ ಕಣೋ. ಯಾರೂ ಬೈಯಲ್ಲ. ವಯಸ್ಸಾಯ್ತು ಪಾಪ ಅಂತಾರೆ.”

ಬೇಡ ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಮನಸ್ಸಿಗೆ ಸ್ವಲ್ಪ ಹಗುರವಾಯಿತು.

ಜುಲೈ 18

ಆಫೀಸರಮ್ಮನನ್ನು ಕೇಳಿದೆ. ಈ ಮೂರು ತಿಂಗಳು ಹಣ ಬಾರದಿದ್ದರೆ ಅಕ್ಟೋಬರಿನಿಂದ ದಂಡ. ಖಾತೆ ಮುಚ್ಚುವುದಕ್ಕೂ ಶುಲ್ಕ ಇದೆ. ಈ ಸಲ ನೀರು ಕೊಡಲಿಲ್ಲ, ಜನ ಇದ್ದರು. ಮಳಿಗೆಯವನು ಕರಾರು ಮುರಿಯಲು ಒಪ್ಪುವುದಿಲ್ಲ. ಮೂರು ವರ್ಷದಲ್ಲಿ ಇನ್ನೂ ಮೂವತ್ತೈದು ತಿಂಗಳಿಗಿಂತ ಹೆಚ್ಚು ಬಾಕಿ ಇದೆ. ಇನ್ನೊಬ್ಬ ಗಿರಾಕಿಯನ್ನು ಎಲ್ಲಿಂದ ಹುಡುಕಲಿ? ಕೈ ಹೋದವಳ ಕುಂಚ ಎಂದು ಬರೆದುಕೊಟ್ಟ ಮೇಲೆ ಯಾರು ಕೊಳ್ಳುತ್ತಾರೆ? ಯಾವ ದಾರಿಯೂ ಕಾಣುವುದಿಲ್ಲ.

ಜುಲೈ 19, ಶುಕ್ರವಾರ

ಪತ್ರ ಬರೆದೆ. ಮೂರು ಕಾಗದ ಹರಿದು ನಾಲ್ಕನೆಯದು ಸರಿಯಾಗಿ ಬಂತು. ಬರೆಯುತ್ತಾ ಬರೆಯುತ್ತಾ ಅನ್ನಿಸಿತು, ಅಕ್ಕನ ಕೈ ಇತ್ತೀಚೆಗೆ ನಿಜವಾಗಿಯೂ ಮೊದಲಿನಂತೆ ಇರಲಿಲ್ಲವೇನೋ. ಹೋದ ವರ್ಷ ಒಮ್ಮೆ ಸೂಜಿಗೆ ದಾರ ಪೋಣಿಸಲು ಎರಡು ಸಲ ಪ್ರಯತ್ನಿಸಿದ್ದಳು. ಇನ್ನೊಮ್ಮೆ ಲೋಟ ಬೀಳಿಸಿದ್ದಳು. ನಾನು ಗಮನ ಕೊಟ್ಟಿರಲಿಲ್ಲ ಅಷ್ಟೆ. ಆ ಎರಡನ್ನೂ ಪತ್ರದಲ್ಲಿ ಸೇರಿಸಿದೆ.

ಅಕ್ಕನಿಗೆ ಓದಿ ಹೇಳಿದೆ. ಲೋಟದ ವಿಷಯ ಬಂದಾಗ ಒಮ್ಮೆ ನನ್ನ ಕಡೆ ನೋಡಿ, “ಹೂಂ, ಮುಂದೆ ಓದು,” ಎಂದಳು. ಕೊನೆಯವರೆಗೂ ಕೇಳಿ, “ಕೈ ಹೋದೋಳು ನಾನು. ನಾನೇ ಸಹಿ ಹಾಕಬೇಕು, ಇಲ್ಲಾಂದ್ರೆ ಆಯಮ್ಮ ನಂಬಲ್ಲ,” ಎಂದು ಪೆನ್ನು ಕೇಳಿದಳು.

ಕಿಟಕಿಯ ಹತ್ತಿರ ಕೂತು, ಪೂರ್ತಿ ಹೆಸರು ಬರೆದಳು, ಅಪ್ಪನ ಹೆಸರನ್ನೂ ಸೇರಿಸಿ. ಒಂದು ಅಕ್ಷರವೂ ಅಲುಗಲಿಲ್ಲ. ಸ್ವಲ್ಪ ನಡುಗಿಸಿ ಬರೆದಿದ್ದರೆ ಒಳ್ಳೆಯದಿತ್ತು ಎಂದು ಬಾಯಿಗೆ ಬಂತು, ಹೇಳಲಿಲ್ಲ. ಶಾಯಿ ಆರಿದ ಮೇಲೆ ಲಕೋಟೆ ಅಂಟಿಸಿದೆ.